ಮೂರನೆಯ ಪ್ರಶ್ನೆ

ಎರಡು ಗುಡ್ಡಗಳ ನಡುವಣ ಕಂಡಿಯೊಂದನ್ನು ಮುಚ್ಚಿದರೆ ಎಷ್ಟು ನೀರು ನಿಲ್ಲಬಹುದೆಂಬುದನ್ನು ತಿಳಿಯಬೇಕಾದವರು ಸೂಳೆಕೆರೆಗೆ ಹೋಗಬೇಕು. ದಾವಣಗೆರೆ ಜಿಲ್ಲೆಯ ಚನ್ನಗಿರಿ ಪಟ್ಟಣದಿಂದ ಅದು ಸುಮಾರು 20 ಕಿಲೋಮೀಟರು ದೂರ. ಅಡಿಕೆಯ ತೋಟಗಳ ತಂಪಿನಲ್ಲಿ, ಬತ್ತದ ಗದ್ದೆಗಳ ಹಸುರಿನಲ್ಲಿ ಹಾದುಬಂದ ಪ್ರವಾಸಿಗನು ಏರಿಯ ಮೇಲೆ ಕಾಲಿಟ್ಟೊಡನೆ ಕಾಣುವುದು ಕೆರೆಯಂತಿರದೆ ಒಂದು ಸಣ್ಣ ಸಮುದ್ರದಂತೆಯೇ ಇರುತ್ತದೆ. ಏರಿಯ ಉದ್ದ ಸಾವಿರ ಅಡಿಯನ್ನು ಮುಟ್ಟುವುದಿಲ್ಲ. ಅದು ಹಿಡಿದು ನಿಲ್ಲಿಸಿರುವ ನೀರಿನ ಹರವಾದರೋ ಸುಮಾರು 2,700 ಹೆಕ್ಟೇರು. ಮೈಸೂರು ಸೀಮೆಯ ಗೆಜೆಟಿಯರನ್ನು ಬರೆದ ಬಿ. ಎಲ್. ರೈಸರು ಇದರ ಸುತ್ತಳತೆಯನ್ನು 40 ಮೈಲಿಯೆಂದು ದಾಖಲಿಸಿದ್ದಾರೆ. ಸಿದ್ದನ ತೂಬು, ಬಸವನ ತೂಬು ಎಂಬ ಎರಡು ತೂಬುಗಳನ್ನು ಹೊಂದಿದ ಈ ಏರಿಯನ್ನು ಕಂಡು ಆಂಗ್ಲ ಎಂಜಿನಿಯರರೂ ತಲೆದೂಗಿದರು.

ಶಾಂತವ್ವನೆಂಬ ಅರಸುಮಗಳು ತಂದೆಯ ನಿಷ್ಠುರವಾದ ಮಾತಿಗೆ ಮನನೊಂದು, ಅದರ ಪ್ರಾಯಶ್ಚಿತ್ತವೆಂಬಂತೆ ಈ ಕೆರೆಯನ್ನು ಕಟ್ಟಿಸಿದಳೆಂದು ಸುತ್ತಣ ಹಳ್ಳಿಗಳಲ್ಲಿ ಇಂದಿಗೂ ಕಥೆ ಹೇಳುತ್ತಾರೆ. ಅವಳ ಹೆಸರನ್ನೇ ಮುಂದಿಟ್ಟುಕೊಂಡು ಈಚಿನವರು ಇದನ್ನು ಶಾಂತಿಸಾಗರವೆಂದು ಕರೆದಿದ್ದಾರೆ. ಹೆಸರೇನೋ ಶಾಂತಿಸಾಗರ, ಆದರೆ ಗಾಳಿಗೆ ತಡೆಯಿಲ್ಲದಷ್ಟು ವಿಸ್ತಾರವಾದ ನೀರು ಎಂದೂ ಪೂರ್ಣ ಶಾಂತವಾಗಿರಲಾರದು. ಬೆಳಗ್ಗೆ ಕನ್ನಡಿಯಂತಿದ್ದದ್ದು ಮಧ್ಯಾಹ್ನದ ಗಾಳಿಗೆ ಮೊರೆಯತೊಡಗುತ್ತದೆ. ಇಲ್ಲಿ ಬಲೆ ಬೀಸುವ ಬೆಸ್ತರು ಅದನ್ನು ಬಲ್ಲರು. ಅವರ ತೆಪ್ಪಗಳು ದಡಕ್ಕೆ ಮರಳಿದವೆಂದರೆ ಗಾಳಿ ಏಳುವ ಹೊತ್ತಾಯಿತೆಂದೇ ಅರ್ಥ.

ಇಷ್ಟು ನೀರನ್ನು ಕಂಡ ಮೇಲೆ ಪಟ್ಟಣದಿಂದ ಬಂದ ಮಕ್ಕಳು ಕೇಳುವ ಮೊದಲನೆಯ ಪ್ರಶ್ನೆ ಒಂದೇ: “ದೋಣಿ ಇದೆಯೆ?” ಹಿರಿಯರು ಕೇಳುವ ಎರಡನೆಯ ಪ್ರಶ್ನೆಯೂ ಒಂದೇ: “ತಲೆಗೆ ಎಷ್ಟು?” ಮೂರನೆಯದೊಂದು ಪ್ರಶ್ನೆಯಿದೆ, ಅದನ್ನು ಕೇಳುವವರು ವಿರಳ. “ದೋಣಿಯಲ್ಲಿ ಏನೇನಿದೆ?” ಎಂಬುದೇ ಆ ಪ್ರಶ್ನೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ಈ ನಾಲ್ಕು ತಾಲ್ಲೂಕುಗಳನ್ನು ಸುತ್ತಿ ಬರುವವನಿಗೆ ನೀರಿನ ನಾಲ್ಕು ಬಗೆಯ ಸ್ವಭಾವಗಳು ಕಾಣಸಿಗುತ್ತವೆ. ನಾಲ್ಕೂ ಕಡೆ ಕೇಳಬೇಕಾದ ಪ್ರಶ್ನೆ ಮಾತ್ರ ಈ ಮೂರನೆಯದೇ.

ನೀರಿನ ನಡುವಣ ಬೆಂಕಿ

ಸುತ್ತಲೂ ನೀರಿರುವಾಗ ಬೆಂಕಿಯ ಭಯವೇಕೆಂದು ಯಾರಾದರೂ ನಗಬಹುದು. ಹುಟ್ಟು ಹಾಕುವ ದೋಣಿಯ ಮಟ್ಟಿಗೆ ಆ ನಗು ಸಲ್ಲುತ್ತದೆ. ಸೂಳೆಕೆರೆಯಂಥ ವಿಶಾಲವಾದ ನೀರಿನ ಮೇಲೆ ವಿಹಾರಕ್ಕೆಂದು ಯಂತ್ರದ ದೋಣಿ ಇಳಿಯಿತೆಂದರೆ ಮಾತು ಬೇರೆ. ಅದರ ಹೊಟ್ಟೆಯಲ್ಲಿ ಪೆಟ್ರೋಲಿರುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಶೈತ್ಯದಲ್ಲಿಯೂ ಪೆಟ್ರೋಲು ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರವಾದುದು. ರಸ್ತೆಯ ಮೇಲಿನ ಮೋಟಾರಿನಿಂದ ಸೋರಿದ ಆವಿ ಗಾಳಿಯಲ್ಲಿ ಚೆದರಿಹೋಗುತ್ತದೆ. ದೋಣಿಯಲ್ಲಿ ಸೋರಿದ್ದು ತಳದ ಬೋಗುಣಿಗೆ ಇಳಿದು ಅಲ್ಲೇ ಹೊಂಚುಹಾಕಿ ಕುಳಿತಿರುತ್ತದೆ. ಯಂತ್ರವನ್ನು ಚಾಲೂ ಮಾಡುವ ಒಂದು ಕಿಡಿ, ಬೇಜವಾಬ್ದಾರಿಯಿಂದ ಎಸೆದ ಒಂದು ಬೀಡಿಯ ತುಂಡು ಅದಕ್ಕೆ ಸಾಕು.

ಆಗ ಸುತ್ತಣ ನೀರಿನಿಂದ ಉಪಕಾರವಿಲ್ಲ, ಅಪಕಾರವೇ ಹೆಚ್ಚು. ಪೆಟ್ರೋಲು ನೀರಿಗಿಂತ ಹಗುರ. ಉರಿಯುವ ಪೆಟ್ರೋಲಿಗೆ ಕೊಡದಲ್ಲಿ ನೀರು ಸುರಿದರೆ ಅದು ನೀರಿನ ಮೇಲೆ ತೇಲಿಕೊಂಡು ಇನ್ನಷ್ಟು ದೂರ ಹರಡುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರ ಗಾದೆಯನ್ನು ಕನ್ನಡಿಗರೆಲ್ಲ ಬಲ್ಲರು. ಇಲ್ಲಿ ಬಾವಿ ಮೊದಲೇ ಇದೆ. ಆದರೆ ಅದರ ನೀರು ಈ ಬೆಂಕಿಗೆ ಮದ್ದಲ್ಲ. ಮದ್ದು ಇರುವುದು ಒಣಪುಡಿಯನ್ನು ತುಂಬಿದ ಕೆಂಪು ಸಿಲಿಂಡರಿನಲ್ಲಿ.

ಆ ಸಿಲಿಂಡರನ್ನು ನೋಡುವ ಕ್ರಮವೊಂದಿದೆ. ಅದನ್ನು ಕಲಿಯಲು ಎಂಜಿನಿಯರರಾಗಬೇಕಾಗಿಲ್ಲ. ಕೊರಳಿನಲ್ಲಿರುವ ಪುಟ್ಟ ಗಡಿಯಾರದ ಮುಳ್ಳು ಹಸುರು ಭಾಗದಲ್ಲಿರಬೇಕು. ಪಿನ್ನು ಸ್ವಸ್ಥಾನದಲ್ಲಿರಬೇಕು. ಮೈಮೇಲೆ ಕೊನೆಯ ತಪಾಸಣೆಯ ದಿನಾಂಕ ಬರೆದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅದು ಯಂತ್ರದ ಪಕ್ಕದಲ್ಲಿರಬಾರದು. ಬೆಂಕಿ ಹುಟ್ಟುವ ಸ್ಥಳವೇ ಅದಾಗಿರುವುದರಿಂದ ಜ್ವಾಲೆಯನ್ನು ದಾಟಿ ಸಿಲಿಂಡರನ್ನು ತರುವವರು ಯಾರು? ಬಳಸುವ ರೀತಿಯೂ ಸರಳ. ಪಿನ್ನನ್ನು ಕಿತ್ತು, ಮೂತಿಯನ್ನು ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಅದುಮಿ, ಪೊರಕೆಯಾಡಿಸಿದಂತೆ ಅತ್ತಿತ್ತ ಆಡಿಸಬೇಕು. ಸಣ್ಣ ಸಿಲಿಂಡರೊಂದು ಖಾಲಿಯಾಗುವುದಕ್ಕೆ ಹತ್ತು ಸೆಕೆಂಡುಗಳ ಆಸುಪಾಸು ಸಾಕು. ಆದುದರಿಂದ ಮೊದಲನೆಯ ಸೆಕೆಂಡಿನಲ್ಲೇ ಗುರಿ ಸರಿಯಿರಬೇಕು. ಜೊತೆಗೆ ಯಂತ್ರವನ್ನು ನಿಲ್ಲಿಸಿ, ಎಣ್ಣೆಯ ಕೊಳವೆಯನ್ನು ಮುಚ್ಚಿ, ಗಾಳಿಯು ಉರಿಯನ್ನು ಜನರಿಂದ ಆಚೆಗೆ ತಳ್ಳುವಂತೆ ದೋಣಿಯನ್ನು ತಿರುಗಿಸಬೇಕು. ಹಿಂಬದಿಯಲ್ಲಿ ಬೆಂಕಿಯಿದ್ದರೆ ಮೂತಿ ಗಾಳಿಗೆ ಎದುರಾಗಿರಬೇಕು. ನೀರಿಗೆ ಧುಮುಕುವುದೇ ಕೊನೆಯ ದಾರಿಯಾದರೆ ಗಾಳಿ ಬರುವ ದಿಕ್ಕಿನ ಬದಿಯಿಂದ ಧುಮುಕಬೇಕು. ಇಲ್ಲದಿದ್ದರೆ ತೇಲಿಬರುವ ಎಣ್ಣೆಯೂ ಹೊಗೆಯೂ ಬೆನ್ನಟ್ಟುತ್ತವೆ.

ಇವು ಕೇವಲ ಪುಸ್ತಕದ ಮಾತುಗಳಲ್ಲ. 2020ರ ಜನವರಿಯಲ್ಲಿ ಕೇರಳದ ವೇಂಬನಾಡು ಸರೋವರದ ಪಾತಿರಾಮಣಲ್ ದ್ವೀಪದ ಬಳಿ ದೋಣಿಮನೆಯೊಂದು ಹೊತ್ತಿ ಉರಿಯಿತು. ಮಕ್ಕಳೊಡನೆ ಬಂದಿದ್ದ ಪ್ರವಾಸಿಗರು ನೀರಿಗೆ ಧುಮುಕಿದರು. ನೀರು ಅಲ್ಲಿ ಹೆಚ್ಚು ಆಳವಾಗಿರಲಿಲ್ಲವಾಗಿ ಎಲ್ಲರೂ ಬದುಕಿದರು. 2023ರ ನವೆಂಬರ್ 11ರಂದು ಶ್ರೀನಗರದ ದಾಲ್ ಸರೋವರದಲ್ಲಿ ಸಾಲು ದೋಣಿಮನೆಗಳಿಗೆ ಬೆಂಕಿ ತಗುಲಿದಾಗ ಬಾಂಗ್ಲಾದೇಶದಿಂದ ಬಂದಿದ್ದ ಮೂವರು ಪ್ರವಾಸಿಗರಿಗೆ ಆ ಭಾಗ್ಯವಿರಲಿಲ್ಲ.

ಇವೆಲ್ಲಕ್ಕಿಂತ ದಾರುಣವಾದುದು ಅಮೆರಿಕದ ಕ್ಯಾಲಿಫೋರ್ನಿಯದ ಕಡಲಿನಲ್ಲಿ ನಡೆದ ಘಟನೆ. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ‘ಕನ್ಸೆಪ್ಷನ್’ ಎಂಬ ವಿಹಾರದ ಹಡಗು ಲಂಗರು ಹಾಕಿ ನಿಂತಿತ್ತು. ಕಡಲಿನಲ್ಲಿ ಮುಳುಗಿ ಮೀನು, ಹವಳಗಳನ್ನು ನೋಡುವ ಹವ್ಯಾಸಿಗಳು ಕೆಳಗಿನ ಅಂತಸ್ತಿನಲ್ಲಿ ನಿದ್ರಿಸುತ್ತಿದ್ದರು. ಮೇಲಿನ ಕೋಣೆಯಲ್ಲಿ ಬೆಂಕಿ ಹುಟ್ಟಿತು. ಕೆಳಗಿನಿಂದ ಹೊರಬರಲು ಎರಡು ದಾರಿಗಳೇನೋ ಇದ್ದವು. ಎರಡೂ ಅದೇ ಉರಿಯುವ ಕೋಣೆಗೇ ತೆರೆಯುತ್ತಿದ್ದವು. 34 ಜನ ಸತ್ತರು. ರಾತ್ರಿ ಎಚ್ಚರವಿದ್ದು ಹಡಗನ್ನು ಸುತ್ತಿ ನೋಡುವ ಕಾವಲುಗಾರನೊಬ್ಬನಿರಬೇಕೆಂಬ ನಿಯಮವಿತ್ತು. ಆ ರಾತ್ರಿ ಕಾವಲಿರಲಿಲ್ಲವೆಂದು ಅಲ್ಲಿನ ಸಾರಿಗೆ ಸುರಕ್ಷಾ ಮಂಡಳಿಯ ತನಿಖೆ ಕಂಡುಕೊಂಡಿತು. ಸಿರಿವಂತ ದೇಶ, ದೊಡ್ಡ ಹಡಗು, ಬರೆದಿಟ್ಟ ನಿಯಮ, ಇವೆಲ್ಲವೂ ಇದ್ದವು. ಎಚ್ಚರವಿರಬೇಕಾದ ಒಬ್ಬ ಮನುಷ್ಯನು ಮಾತ್ರ ಇರಲಿಲ್ಲ.

ಸೂಳೆಕೆರೆಯ ಏರಿಯ ಮೇಲೆ ನಿಂತು ಇದನ್ನು ನೆನೆದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೆರೆಯ ನಡುವೆ ಅವಘಡವಾದರೆ ತಾಲ್ಲೂಕು ಪಟ್ಟಣದಿಂದ ಅಗ್ನಿಶಾಮಕ ದಳದ ವಾಹನ ಬಂದು ಮುಟ್ಟುವುದು ದಡವನ್ನು ಮಾತ್ರ. ದಡದಿಂದ ಮುಂದಕ್ಕೆ ರಸ್ತೆಯಿಲ್ಲ. ದೋಣಿ ಹೊರಡುವಾಗ ಅದರಲ್ಲಿ ಏನಿತ್ತೋ ಅದೇ ಅದರ ಅಗ್ನಿಶಾಮಕ ದಳ, ಅದೇ ಅದರ ಆಸ್ಪತ್ರೆ.

ಹೊಳೆಯ ಲೆಕ್ಕ

ಸೂಳೆಕೆರೆಯಿಂದ ಬಸವಾಪಟ್ಟಣದ ಸೀಮೆಯನ್ನು ಹಾಯ್ದು ಪಶ್ಚಿಮಕ್ಕೆ ಸಾಗಿದರೆ ಹೊನ್ನಾಳಿ. ಹೊನ್ನಿನ ಹೆಸರನ್ನು ಹೊತ್ತ ಊರು. ಈ ಸೀಮೆಯ ನೆಲದಲ್ಲಿ ಹಿಂದೆ ಚಿನ್ನಕ್ಕಾಗಿ ಗಣಿಗಳನ್ನು ತೋಡಿದ್ದೂ ಉಂಟು. ಊರಿನ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಮೇಲೆ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ಒಂದಾದ ನೀರು ಇದು. ಸೇತುವೆಯ ಮೇಲೆ ನಿಂತು ನೋಡಿದರೆ ಬೇಸಗೆಯಲ್ಲಿ ಬಂಡೆ, ಮರಳು, ನಡುನಡುವೆ ತೊಟ್ಟಿಲಿನಂಥ ಮಡುಗಳು. ಶ್ರಾವಣ ಬಂತೆಂದರೆ ಈ ಬದಿಯಿಂದ ಆ ಬದಿಗೆ ಕೆಂಪು ನೀರಿನ ಒಂದೇ ಓಟ.

ಸೇತುವೆಗಳಿಲ್ಲದ ಕಾಲದಲ್ಲಿ ಈ ಹೊಳೆಯ ಎರಡು ದಡಗಳನ್ನು ಸೇರಿಸಿದವನು ಅಂಬಿಗ. ಇದೇ ತುಂಗಭದ್ರೆಯ ಕೆಳದಂಡೆಯ ಚೌಡಯ್ಯದಾನಪುರವು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರಿನಲ್ಲಿ ಇಂದಿಗೂ ಬಾಳುತ್ತಿದೆ. ಆದರೂ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಕಟ್ಟಿದವರೂ ನಮ್ಮ ಜನರೇ. ಹೊಳೆ ದಾಟುವ ಮೊದಲು ಅಂಬಿಗನ ಮಾತನ್ನು ಕೇಳದಿರುವುದು ಆ ಕೃತಘ್ನತೆಗಿಂತಲೂ ಹೆಚ್ಚಿನ ಅಪಾಯವೆಂಬುದನ್ನು ಗಾದೆ ಹೇಳುವುದಿಲ್ಲ.

ಅಂಬಿಗನ ವಾಹನ ಹರಿಗೋಲು, ಇಲ್ಲವೆ ತೆಪ್ಪ. ಬಿದಿರಿನ ದಬ್ಬೆಗಳನ್ನು ಹೆಣೆದು ಮಾಡಿದ ದುಂಡನೆಯ ಬುಟ್ಟಿ. ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ಕು, ಟಾರು. ಬೆನ್ನೆಲುಬಿನಂಥ ಅಡಿಮರ ಇದಕ್ಕಿಲ್ಲವಾದುದರಿಂದ ಗೇಣುದ್ದದ ನೀರಿನಲ್ಲಿಯೂ ಬಂಡೆಗಳ ಮೇಲೆ ಜಾರಿಕೊಂಡು ಹೋಗುತ್ತದೆ. ಅದೇ ಕಾರಣದಿಂದ ಅದರ ಸಮತೂಕವೆಲ್ಲ ಕುಳಿತವರ ಕೈಯಲ್ಲಿದೆ. ಎಲ್ಲರೂ ನಡುವೆ, ತಗ್ಗಾಗಿ, ಅಲುಗದೆ ಕುಳಿತಿದ್ದರೆ ಅದು ಮಂಚದಷ್ಟು ಭದ್ರ. ನಾಲ್ವರು ಎದ್ದು ನಿಂತು ಒಂದೇ ಬದಿಗೆ ಬಾಗಿದರೆ ಆ ಬದಿಯ ಅಂಚು ನೀರಿನೊಳಕ್ಕೆ ಇಳಿಯುತ್ತದೆ. ಅಂಚು ಒಮ್ಮೆ ಇಳಿಯಿತೆಂದರೆ ಮುಂದಿನ ಕೆಲಸವನ್ನು ನೀರೇ ಮುಗಿಸುತ್ತದೆ.

2016ರ ಸೆಪ್ಟೆಂಬರ್ 7. ಗೌರಿ ಗಣೇಶರ ಹಬ್ಬದ ಸಡಗರ ಇನ್ನೂ ಮುಗಿದಿರಲಿಲ್ಲ. ಹೊನ್ನಾಳಿಯಿಂದ ಹೊಳೆಯ ಮೇಲುಭಾಗಕ್ಕೆ, ಶಿವಮೊಗ್ಗ ತಾಲ್ಲೂಕಿನ ಹೊಳೆಹೊನ್ನೂರಿನ ಬಳಿ ಹಾಡೋನಹಳ್ಳಿಯೆಂಬ ಗ್ರಾಮವಿದೆ. ಊರಿನ ಗಣಪತಿಯನ್ನು ಹೊಳೆಗೆ ಬಿಡಲೆಂದು ತರುಣರು ತೆಪ್ಪವನ್ನೇರಿದರು. ಕೆಲವರನ್ನಷ್ಟೆ ಹೊರಬಲ್ಲ ತೆಪ್ಪದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ತೆಪ್ಪ ಮಗುಚಿತು. ದಡದಲ್ಲಿ ನಿಂತು ಜಯಕಾರ ಹಾಕುತ್ತಿದ್ದವರ ಕಣ್ಣೆದುರಿನಲ್ಲೇ 12 ಜನ ಹೊಳೆಯ ಪಾಲಾದರು. ಒಂದೇ ಹಳ್ಳಿಯಲ್ಲಿ ಹನ್ನೆರಡು ಮನೆಗಳ ದೀಪ ಒಂದೇ ದಿನ ನಂದಿತೆಂದರೆ ಆ ಹಬ್ಬ ಮುಂದಿನ ವರ್ಷಗಳಲ್ಲಿ ಅಲ್ಲಿಗೆ ಹೇಗೆ ಬಂದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಲೆಕ್ಕವನ್ನು ಶಾಲೆಯ ಹುಡುಗನೂ ಮಾಡಬಲ್ಲನು. ಒಬ್ಬನಿಗೆ 60 ಕಿಲೋಗ್ರಾಮಿನಂತೆ ಇಪ್ಪತ್ತು ಜನರೆಂದರೆ 1,200 ಕಿಲೋಗ್ರಾಂ, ಎಂದರೆ ಹನ್ನೆರಡು ಕ್ವಿಂಟಾಲು. ಹನ್ನೆರಡು ಕ್ವಿಂಟಾಲು ಮೆಕ್ಕೆಜೋಳವನ್ನು ಆ ತೆಪ್ಪಕ್ಕೆ ಹೇರಿರೆಂದು ಹೇಳಿದ್ದರೆ ಯಾವ ರೈತನೂ ಒಪ್ಪುತ್ತಿರಲಿಲ್ಲ. ಜೋಳ ಒದ್ದೆಯಾದೀತೆಂಬ ಭಯ. ಮನುಷ್ಯರನ್ನು ತುಂಬುವಾಗ ಆ ಲೆಕ್ಕ ನಮಗೆ ಮರೆತುಹೋಗುತ್ತದೆ. ಏಕೆಂದರೆ ಮನುಷ್ಯರು ತಾವಾಗಿಯೇ ಹತ್ತುತ್ತಾರೆ.

ದೊಡ್ಡ ದೋಣಿಗಳ ಕಥೆಯೂ ಬೇರೆಯಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಜಲಾಶಯದಲ್ಲಿ ವನ್ಯಮೃಗಗಳನ್ನು ತೋರಿಸಲು ಹೊರಟಿದ್ದ ಎರಡು ಅಂತಸ್ತಿನ ದೋಣಿ ಮಗುಚಿ 45 ಪ್ರವಾಸಿಗರು ಸತ್ತರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಡಲಿನಲ್ಲಿ ಮಗುಚಿ 16 ಜನ ಇಲ್ಲವಾದರು. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮುಳುಗಿ 22 ಜನ ಪ್ರಾಣ ಬಿಟ್ಟರು. ಅವರಲ್ಲಿ ಬಹುಮಂದಿ ಮಕ್ಕಳು.

ತೇಲಿಸುವ ಅಂಗಿಯ ಮಾತು ಇಲ್ಲಿ ಬರುತ್ತದೆ. ಮನುಷ್ಯದೇಹದ ಸಾಂದ್ರತೆ ನೀರಿನದಕ್ಕೆ ಬಹು ಸಮೀಪ. ಮೂಗುಬಾಯಿಗಳನ್ನು ನೀರಿನ ಮೇಲಿಡಲು ಬೇಕಾದ ಹೆಚ್ಚಿನ ಆಸರೆ ನಾಲ್ಕೈದು ಕಿಲೋಗ್ರಾಮಿನಷ್ಟು ಮಾತ್ರ. ಆ ಅಲ್ಪ ಆಸರೆಯನ್ನು ಕೊಡುವುದೇ ಅಂಗಿಯ ಕೆಲಸ. ಆದರೆ ಅದು ಮೈಮೇಲಿರಬೇಕು. ದೋಣಿಯ ಮೂಲೆಯಲ್ಲಿ ರಾಶಿ ಹಾಕಿದ್ದು, ದಿಂಬಿನಂತೆ ಕೆಳಗೆ ಹಾಕಿ ಕುಳಿತದ್ದು, ಸೆಖೆಯೆಂದು ಪಟ್ಟಿಗಳನ್ನು ಬಿಚ್ಚಿ ಹೆಗಲಿಗೆ ಹೊದ್ದದ್ದು ಇವಾವುವೂ ಲೆಕ್ಕಕ್ಕೆ ಬಾರವು. ಮೇಲೆ ಕುಳಿತು ಕುಳಿತು ಒಳಗಿನ ಹಗುರ ವಸ್ತು ಚಪ್ಪಟೆಯಾದ ಅಂಗಿ ತೇಲಿಸುವ ಗುಣವನ್ನೇ ಕಳೆದುಕೊಂಡಿರುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ಪರೀಕ್ಷೆ ಸುಲಭ: ಪಟ್ಟಿಗಳನ್ನೆಲ್ಲ ಬಿಗಿದು, ಎರಡು ಹೆಗಲುಗಳನ್ನು ಹಿಡಿದು ಮೇಲಕ್ಕೆತ್ತಬೇಕು. ಅಂಗಿ ಕಿವಿಯವರೆಗೆ ಸರಿದುಬಂದರೆ ನೀರಿನಲ್ಲಿ ಮಗು ಅದರಿಂದ ಜಾರಿಹೋಗುತ್ತದೆಂದೇ ತಿಳಿಯಬೇಕು. ಮಕ್ಕಳ ಅಂಗಿಯಲ್ಲಿ ಕಾಲುಗಳ ನಡುವೆ ಹಾಯುವ ಪಟ್ಟಿಯನ್ನಿಡುವುದು ಈ ಕಾರಣಕ್ಕೇ.

ದಡದವರ ಕೆಲಸ

ಹೊನ್ನಾಳಿಯಿಂದ ನ್ಯಾಮತಿಗೆ ದಾರಿ ಹತ್ತಿರದ್ದು. ಬಹುಕಾಲ ಹೊನ್ನಾಳಿಯ ಆಶ್ರಯದಲ್ಲಿದ್ದ ನ್ಯಾಮತಿ ಈಚೆಗೆ ತಾನೇ ಒಂದು ತಾಲ್ಲೂಕಾಗಿದೆ. ಇಲ್ಲಿನ ನೀರು ಹೊಳೆಯಂತೆ ಅಬ್ಬರಿಸುವುದಲ್ಲ. ಬೆಳಗುತ್ತಿಯ ಬಳಿ ತೀರ್ಥರಾಮೇಶ್ವರದಲ್ಲಿ ಗುಡ್ಡದೊಳಗಿನಿಂದ ಜಿನುಗುವ ತೀರ್ಥ ಕಡು ಬೇಸಗೆಯಲ್ಲಿಯೂ ನಿಲ್ಲುವುದಿಲ್ಲ. ಭಕ್ತರು ಅದನ್ನು ಕಾಶಿಯ ನೀರೆಂದೇ ನಂಬುತ್ತಾರೆ. ಅಲ್ಲಿಂದ ಇಳಿದು ಶಿವಮೊಗ್ಗ ಶಿಕಾರಿಪುರಗಳ ದಾರಿಗೆ ಬಂದರೆ ಸವಳಂಗದ ಕೆರೆ. ಬಸ್ಸಿನ ಕಿಟಕಿಯಿಂದ ನೋಡಿದವರಿಗೂ ಒಂದು ಗಳಿಗೆ ಇಳಿದು ಕೂರೋಣವೆನ್ನಿಸುವ ತಿಳಿನೀರು.

ಇಂಥ ಕೆರೆಯ ದಡದಲ್ಲಿ ಕುಳಿತವರಿಗೆ ತಾವು ಕೇವಲ ನೋಡುಗರೆಂಬ ಭಾವನೆ ಬರುವುದು ಸಹಜ. ಅದು ತಪ್ಪು. ನೀರಿನಲ್ಲಿ ಕಷ್ಟಕ್ಕೆ ಸಿಕ್ಕಿದವನ ಪಾಲಿಗೆ ಮೊದಲನೆಯ ಸಹಾಯ ಬರುವುದು ದಡದಿಂದಲೇ. ಚಲನಚಿತ್ರಗಳಲ್ಲಿ ಮುಳುಗುವವನು ಕೈ ಬೀಸಿ ಕೂಗುತ್ತಾನೆ. ನಿಜವಾಗಿ ಮುಳುಗುವವನಿಗೆ ಕೂಗಲು ಉಸಿರಿರುವುದಿಲ್ಲ. ಕೈಗಳು ಮೇಲೇಳದೆ ನೀರನ್ನು ಅದುಮುತ್ತಿರುತ್ತವೆ. ಪಕ್ಕದಲ್ಲಿ ಆಡುತ್ತಿದ್ದ ಮಗು ಸದ್ದಿಲ್ಲದಾಯಿತೆಂದರೆ ಒಂದು ನಿಮಿಷವೂ ತಡಮಾಡದೆ ತಿರುಗಿ ನೋಡಬೇಕು.

ಹಾಗೆ ನೋಡಿದೊಡನೆ ಎದೆಗಾರರು ನೀರಿಗೆ ಹಾರುತ್ತಾರೆ. ಒಬ್ಬನ ಬದಲು ಇಬ್ಬರ ಶವ ಮೇಲಕ್ಕೆ ಬರುವ ಎಷ್ಟೋ ಪ್ರಸಂಗಗಳ ಮೂಲ ಇದು. ಮುಳುಗುವವನು ಕೈಗೆ ಸಿಕ್ಕಿದ್ದನ್ನು ತಬ್ಬಿ ಹಿಡಿಯುತ್ತಾನೆ. ಈಜುಗಾರನ ಕೊರಳೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆದುದರಿಂದ ಮೊದಲು ಏನನ್ನಾದರೂ ನೀಡು, ನಿಲುಕದಿದ್ದರೆ ಎಸೆ, ಹಾರುವುದು ಕಟ್ಟಕಡೆಗೆ ಎಂಬುದು ಬಲ್ಲವರ ಕ್ರಮ. ನೀಡಲು ಬಿದಿರಿನ ಗಳ. ಎಸೆಯಲು ಹಗ್ಗ, ಗಾಳಿ ತುಂಬಿದ ಟ್ಯೂಬು, ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ಸೀರೆಯ ಸೆರಗನ್ನು ಎಸೆದು ಜೀವ ಉಳಿಸಿದ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಶಾಸ್ತ್ರವನ್ನೋದದೆಯೇ ಅವರು ಶಾಸ್ತ್ರವನ್ನು ನಡೆಸಿದವರು. ವಿಹಾರದ ದೋಣಿಗಳಿರುವ ಎಡೆಗಳಲ್ಲಿ ಇಪ್ಪತ್ತು ಮೀಟರಿನ ಹಗ್ಗವನ್ನು ಕಟ್ಟಿದ ತೇಲುಬಳೆಯೊಂದನ್ನು ದಡದ ಕಂಬಕ್ಕೆ ತೂಗುಹಾಕುವುದಕ್ಕೆ ತಗಲುವ ಖರ್ಚು ಅತ್ಯಲ್ಪ. ಅದನ್ನು ಕಳವಿನ ಭಯದಿಂದ ಕೋಣೆಯೊಳಗಿಟ್ಟು ಬೀಗ ಹಾಕುವುದಾದರೆ ಕೊಳ್ಳದಿರುವುದೇ ಲೇಸು; ಕಡೆಯ ಪಕ್ಷ ಇದೆಯೆಂಬ ಭ್ರಮೆಯಾದರೂ ಇರದು.

ಮೇಲಕ್ಕೆತ್ತಿದ ಮೇಲೆ ಮಾಡುವ ತಪ್ಪುಗಳೂ ಉಂಟು. ಹೊಟ್ಟೆಯನ್ನು ಅದುಮಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ನಮ್ಮಲ್ಲಿ ಹಳೆಯ ರೂಢಿ. ಇದರಿಂದ ಹೊಟ್ಟೆಯಲ್ಲಿದ್ದುದು ಶ್ವಾಸನಾಳಕ್ಕೆ ಹೊಕ್ಕು ಕೆಡುಕೇ ಆಗುತ್ತದೆ. ಅಮೂಲ್ಯವಾದ ನಿಮಿಷಗಳೂ ಕಳೆದುಹೋಗುತ್ತವೆ. ಮುಳುಗಿದವನಿಗೆ ಬೇಕಾದುದು ಉಸಿರು. ಅಂಗಾತ ಮಲಗಿಸಿ, ಗದ್ದವನ್ನೆತ್ತಿ, ಮೂಗನ್ನು ಮುಚ್ಚಿ, ಬಾಯಿಂದ ಬಾಯಿಗೆ ಉಸಿರನ್ನೂದಬೇಕು. ಚೇತನ ಕಾಣದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ ಒತ್ತಬೇಕು. 30 ಒತ್ತುಗಳಿಗೆ 2 ಉಸಿರು. ಇನ್ನೊಬ್ಬರು 112ಕ್ಕೆ ಫೋನು ಮಾಡಬೇಕು. ಚೇತರಿಸಿಕೊಂಡವನನ್ನು ಕೂಡ ಆಸ್ಪತ್ರೆಗೆ ಒಯ್ಯಲೇಬೇಕು. ನೀರಿನಲ್ಲಿ ಮುಳುಗಿ ಸಾಯುವವರ ಸಂಖ್ಯೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು ಮೂರು ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. ದಡದಲ್ಲಿ ಬಲ್ಲವರೊಬ್ಬರಿದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಮನೆಗೆ ಮರಳುತ್ತಿದ್ದರು.

ಹೊಸ ನೀರು

ನ್ಯಾಮತಿಯಿಂದ ಜಗಳೂರಿಗೆ ಹೋಗಬೇಕಾದವರು ಜಿಲ್ಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪಯಣಿಸಬೇಕು. ಹೊನ್ನಾಳಿಗೆ ಹಿಂದಿರುಗಿ, ಹೊಳೆಯ ಜೊತೆಗೇ ಹರಿಹರಕ್ಕೆ ಬಂದು, ದಾವಣಗೆರೆಯನ್ನು ಹಾದು ಈಶಾನ್ಯಕ್ಕೆ ತಿರುಗಬೇಕು. ಹರಿಹರದಲ್ಲಿ ಸೂಳೆಕೆರೆಯಿಂದ ಬಂದ ಹರಿದ್ರೆ ತುಂಗಭದ್ರೆಯನ್ನು ಕೂಡುತ್ತಾಳೆ. ಹಾಡೋನಹಳ್ಳಿಯ ದುಃಖವನ್ನು ಕಂಡ ಹೊಳೆಯೂ ಶಾಂತವ್ವನ ಕೆರೆಯ ನೀರೂ ಅಲ್ಲಿ ಒಂದಾಗುತ್ತವೆ. ದಾವಣಗೆರೆಯನ್ನು ಬಿಟ್ಟ ಮೇಲೆ ತೋಟಗಳು ಹಿಂದಾಗುತ್ತವೆ. ನೆಲ ಬಯಲಾಗುತ್ತದೆ, ಗಾಳಿ ಒಣಗುತ್ತದೆ. ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ನಾಲ್ಕು ಕೊಂಬಿನ ಅಪೂರ್ವ ಜಿಂಕೆ, ನಮ್ಮ ಜನ ಕೊಂಡುಕುರಿಯೆಂದು ಕರೆಯುವ ಪ್ರಾಣಿ, ಸುಳಿದಾಡುತ್ತದೆ. ಬರಗಾಲದ ಪಟ್ಟಿಯಲ್ಲಿ ಹೆಸರು ತಪ್ಪದ ತಾಲ್ಲೂಕು ಇದು.

ಜಗಳೂರಿನಲ್ಲಿ ದೋಣಿಯ ಮಾತೇಕೆ? ಕೆಲವು ವರ್ಷಗಳ ಹಿಂದೆ ಯಾರಾದರೂ ಇದನ್ನೇ ಕೇಳುತ್ತಿದ್ದರು. ಈಗ ಪರಿಸ್ಥಿತಿ ಬದಲಾಗಿದೆ. ಹರಿಹರದ ಸಮೀಪದ ದೀಟೂರಿನಲ್ಲಿ ತುಂಗಭದ್ರೆಯ ನೀರನ್ನು ಯಂತ್ರಗಳಿಂದ ಎತ್ತಿ, ಕೊಳವೆಗಳ ಮೂಲಕ ಜಗಳೂರು ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆ ರೂಪುಗೊಂಡು, ಒಣಗಿ ಬಿರುಕುಬಿಟ್ಟಿದ್ದ ಕೆರೆಯಂಗಳಗಳಿಗೆ ನೀರು ಬರತೊಡಗಿತು. ನೀರನ್ನು ಕಂಡು ಹಿರಿಯರು ಕೈಮುಗಿದರೆ ಆಶ್ಚರ್ಯವೇನಿಲ್ಲ. ಅದು ಅವರ ಬದುಕಿನ ಹಾರೈಕೆ.

ಆದರೆ ಹೊಸ ನೀರಿನೊಡನೆ ಹೊಸ ಜವಾಬ್ದಾರಿಯೂ ಬರುತ್ತದೆ. ಹೊಳೆಯ ದಡದ ಹುಡುಗನಿಗೆ ಸುಳಿ ಯಾವುದು, ಮಡು ಯಾವುದೆಂಬುದು ಅಜ್ಜನಿಂದ ಬಂದ ವಿದ್ಯೆ. ಬರಗಾಲದ ಊರಿನಲ್ಲಿ ಬೆಳೆದ ಹುಡುಗನಿಗೆ ಆ ವಿದ್ಯೆಯನ್ನು ಹೇಳಿಕೊಡಲು ಅಜ್ಜನಿಗೇ ನೀರಿನ ಪರಿಚಯವಿಲ್ಲ. ನಿನ್ನೆ ಕ್ರಿಕೆಟ್ಟಾಡಿದ ಕೆರೆಯಂಗಳದಲ್ಲಿ ಇಂದು ಎರಡಾಳಿನ ನೀರಿದೆ. ಮಣ್ಣು ತೆಗೆದ ಹೊಂಡಗಳು ಆ ನೀರಿನ ಕೆಳಗೆ ಕಾಣದಂತಿವೆ. ನೀರು ನಿಂತ ಕಡೆ ಜನ ಸೇರುತ್ತಾರೆ. ಜನ ಸೇರಿದ ಕಡೆ ಇಂದಲ್ಲ ನಾಳೆ ತೆಪ್ಪೋತ್ಸವ, ದೋಣಿವಿಹಾರಗಳೂ ಬರುತ್ತವೆ. ಬರಲಿ, ಬರಬಾರದೆಂದು ಹೇಳುವವರಾರು? ಕೊಳವೆಯ ಜೊತೆಗೆ ಒಂದು ಹಗ್ಗವೂ, ದೋಣಿಯ ಜೊತೆಗೆ ತಲೆಗೊಂದು ಅಂಗಿಯೂ, ಶಾಲೆಯ ಪಾಠದ ಜೊತೆಗೆ ಈಜಿನ ಪಾಠವೂ ಬರಲಿ ಎಂಬುದಷ್ಟೇ ಹೇಳಬೇಕಾದ ಮಾತು.

ಇದಕ್ಕೆ ಕಾನೂನಿನ ಬೆಂಬಲವೂ ಇಲ್ಲದಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲಿ ದೋಣಿಗಳ ಸುರಕ್ಷತೆಗಾಗಿಯೇ ಮಾರ್ಗಸೂಚಿಯನ್ನು ಹೊರಡಿಸಿತು. 1917ರ ಹಳೆಯ ಕಾಯಿದೆಯ ಬದಲಿಗೆ ಸಂಸತ್ತು 2021ರಲ್ಲಿ ಒಳನಾಡಿನ ನೌಕೆಗಳ ಹೊಸ ಅಧಿನಿಯಮವನ್ನು ಅಂಗೀಕರಿಸಿತು. ಯಂತ್ರದ ನೌಕೆಗಳ ನೋಂದಣಿ, ತಪಾಸಣೆ, ವಿಮೆ, ಜೀವರಕ್ಷಕ ಹಾಗೂ ಅಗ್ನಿಶಾಮಕ ಸಲಕರಣೆಗಳು ಅದರಲ್ಲಿ ಬರುತ್ತವೆ; ಹುಟ್ಟಿನ ದೋಣಿಗಳನ್ನೂ ಅದು ಮರೆತಿಲ್ಲ. ಆದರೆ ಕಾನೂನಿನ ಪುಸ್ತಕ ರಾಜಧಾನಿಯಲ್ಲಿರುತ್ತದೆ, ತೆಪ್ಪ ಹಾಡೋನಹಳ್ಳಿಯಲ್ಲಿರುತ್ತದೆ. ಇವೆರಡರ ನಡುವಣ ದೂರವನ್ನು ದಾಟಿಸಬಲ್ಲ ಅಂಬಿಗನೆಂದರೆ ದೋಣಿ ಹತ್ತುವ ಮನುಷ್ಯನೇ. ಅಂಗಿಯಿಲ್ಲದ ದೋಣಿಯನ್ನು ಹತ್ತೆವು ಎಂದು ನಾಲ್ಕು ಸಂಸಾರಗಳು ದಡದಲ್ಲಿ ನಿಂತುಬಿಟ್ಟರೆ ಐದನೆಯ ಸಂಸಾರ ಬರುವಷ್ಟರಲ್ಲಿ ಅಂಗಿ ಬಂದಿರುತ್ತದೆ. ವ್ಯಾಪಾರದ ಧರ್ಮವೇ ಅದು.

ಕೇಳಬೇಕಾದುದು ಬಹಳವಿಲ್ಲ. ಎಷ್ಟು ಜನರಿಗೆ ಈ ದೋಣಿ? ಎಲ್ಲರಿಗೂ ಅಂಗಿ ಇದೆಯೆ, ಮಕ್ಕಳಿಗೆ ಬೇರೆ ಇದೆಯೆ? ಯಂತ್ರವಿದ್ದರೆ ಕೆಂಪು ಸಿಲಿಂಡರು ಎಲ್ಲಿ, ಅದರ ಮುಳ್ಳು ಎಲ್ಲಿ ನಿಂತಿದೆ? ಜನ ಕುಳಿತಿರುವಾಗ ಎಣ್ಣೆ ತುಂಬುತ್ತಿಲ್ಲವಷ್ಟೆ? ಹಗ್ಗವಿದೆಯೆ, ಸೀಟಿಯಿದೆಯೆ? ದಡದಲ್ಲಿ ನಮ್ಮನ್ನು ಲೆಕ್ಕ ಹಾಕಿಕೊಂಡು ಕಾದಿರುವವರು ಯಾರು? ಎರಡು ನಿಮಿಷಗಳ ಮಾತು. ನಡೆಸುವವನು ನಕ್ಕರೆ ನಗಲಿ. ಜೊತೆಗೆ ಬಂದ ನೆಂಟರು ಪುಕ್ಕಲರೆಂದರೆ ಎನ್ನಲಿ. ಹಾಡೋನಹಳ್ಳಿಯ ದಡದಲ್ಲಿ ಆ ದಿನ ಒಬ್ಬ ಹಿರಿಯನು “ಹತ್ತು ಜನ ಇಳಿಯಿರಿ” ಎಂದು ಗದರಿಸಿದ್ದರೆ ಅವನನ್ನೂ ಹುಡುಗರು ಪುಕ್ಕಲನೆಂದು ನಗುತ್ತಿದ್ದರು. ಆದರೆ ನಗಲು ಅವರು ಇರುತ್ತಿದ್ದರು.

ಸಂಜೆಯ ಹೊತ್ತಿಗೆ ಜಗಳೂರಿನ ಬಯಲಿನ ಮೇಲೆ ಗಾಳಿ ಬೀಸತೊಡಗುತ್ತದೆ. ಮನೆಗೆ ಮರಳುವ ಕುರಿಗಳ ಹಿಂಡು ಕೆರೆಯಂಚಿನಲ್ಲಿ ನಿಂತು ನೀರಿಗೆ ಬಾಯಿಡುತ್ತದೆ. ಮುಂದಿನ ಕುರಿ ಕಾಲಿಟ್ಟು ನೆಲವನ್ನು ನೋಡಿಕೊಂಡ ಮೇಲಲ್ಲದೆ ಹಿಂದಿನವು ಇಳಿಯುವುದಿಲ್ಲ.